ಹೊಗೆಯಿಲ್ಲದ ಬೆಂಕಿ

ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಹಾಗಾದರೆ ಅಲ್ಲಿ ಬೆಂಕಿ ಇದೆ, ಅಡುಗೆಮನೆಯಲ್ಲಿ ಇರುವ ಹಾಗೆ. ನಮ್ಮ ತರ್ಕಶಾಸ್ತ್ರದ ಪಾಠ ಶುರುವಾಗುವುದೇ ಇಲ್ಲಿಂದ. ಕಾಣುವ ಹೊಗೆಯಿಂದ ಕಾಣದ ಬೆಂಕಿಗೆ ಮನಸ್ಸು ಹೇಗೆ ದಾಟುತ್ತದೆ ಎಂಬುದನ್ನು ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಶತಮಾನಗಟ್ಟಲೆ ಚರ್ಚಿಸಿದರು. ಈಗ ಆ ಬೆಟ್ಟವನ್ನು ಬಿಟ್ಟು ಅಮೆರಿಕದ ಮಿನಿಯಾಪೊಲಿಸ್‌ನ ಒಂದು ಮನೆಯ ನೆಲಮಾಳಿಗೆಗೆ ಇಳಿಯೋಣ. ಜನವರಿಯ ರಾತ್ರಿ, ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಗ್ಯಾಸ್ ಫರ್ನೇಸ್ ಎಂಬ ತಗಡಿನ ಪೆಟ್ಟಿಗೆಯೊಂದರೊಳಗೆ ಗ್ಯಾಸ್ ಉರಿಯುತ್ತಿದೆ. ಅದರ ಬಿಸಿ ಡಕ್ಟುಗಳ ಮೂಲಕ ಕೋಣೆ ಕೋಣೆಗೂ ಹೋಗುತ್ತಿದೆ. ಜ್ವಾಲೆ ನೀಲಿ, ಹೊಗೆ ಇಲ್ಲವೇ ಇಲ್ಲ. ಪೆಟ್ಟಿಗೆಯ ಬಾಗಿಲು ಮುಚ್ಚಿರುವುದರಿಂದ ಜ್ವಾಲೆಯೂ ಕಣ್ಣಿಗೆ ಬೀಳದು. ಮೇಲೆ ಮಲಗಿರುವವರಿಗೆ ಬೆಂಕಿ ಇದೆಯೋ ಇಲ್ಲವೋ, ಇದ್ದರೆ ಇರಬೇಕಾದ ಜಾಗದಲ್ಲಿಯೇ ಇದೆಯೋ ಎಂದು ನೋಡುವ ದಾರಿಯಿಲ್ಲ. ಆದರೂ ಅವರು ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾರೆ. ಆ ನಿದ್ದೆಯ ಹಿಂದೆ ಒಂದು ನಂಬಿಕೆ ಇದೆ. ಆ ನಂಬಿಕೆಗೆ ಆಧಾರವೇನು? ನಮ್ಮ ದರ್ಶನಗಳಲ್ಲಿ ಬಹುಕಾಲ ನಡೆದ ಪ್ರಾಮಾಣ್ಯದ ಜಗಳಕ್ಕೆ ಈ ತಗಡಿನ ಪೆಟ್ಟಿಗೆ ಒಳ್ಳೆಯ ಒರೆಗಲ್ಲಾಗುತ್ತದೆ ಎಂಬುದು ನನ್ನ ವಾದ.

ಜಗಳದ ವಿಷಯ ಇಷ್ಟು: ಒಂದು ಅರಿವು ಹುಟ್ಟಿದಾಗ ಅದು ಸರಿ ಎಂಬ ಭರವಸೆ ಎಲ್ಲಿಂದ ಬರುತ್ತದೆ? ಕುಮಾರಿಲ ಭಟ್ಟನಂಥ ಮೀಮಾಂಸಕರ ಪ್ರಕಾರ ಅದು ಅರಿವಿನ ಜೊತೆಗೇ ಬರುತ್ತದೆ. ಅರಿವು ತನ್ನಷ್ಟಕ್ಕೆ ಪ್ರಮಾಣ; ಅದನ್ನು ಅಲ್ಲಗಳೆಯುವ ಇನ್ನೊಂದು ಅರಿವು ಬಂದರೆ, ಅಥವಾ ಕಣ್ಣಿನಂಥ ಕಾರಣದಲ್ಲಿ ದೋಷವಿದೆಯೆಂದು ತಿಳಿದರೆ ಮಾತ್ರ ಕೈಬಿಡಬೇಕು. ಇದು ಸ್ವತಃಪ್ರಾಮಾಣ್ಯ. ನೈಯಾಯಿಕರು ಒಪ್ಪುವುದಿಲ್ಲ. ಅರಿವು ಹುಟ್ಟಿದ ಮಾತ್ರಕ್ಕೆ ಅದು ಸರಿಯೆಂದು ತಿಳಿಯದು. ದೂರದಲ್ಲಿ ನೀರು ಕಂಡವನು ಹೋಗಿ ಕುಡಿದು ಬಾಯಾರಿಕೆ ತೀರಿಸಿಕೊಂಡಾಗ ಕಂಡದ್ದು ನೀರೇ ಎಂದು ಖಾತ್ರಿಯಾಗುತ್ತದೆ. ಖಾತ್ರಿ ಹೊರಗಿನಿಂದ ಬರುವುದರಿಂದ ಇದು ಪರತಃಪ್ರಾಮಾಣ್ಯ. ಒಂದೇ ಮಾತಿನಲ್ಲಿ ಹೇಳಿದರೆ, ಮೊದಲನೆಯವರು ತಪ್ಪು ಸಾಬೀತಾಗುವವರೆಗೆ ನಂಬು ಎನ್ನುತ್ತಾರೆ, ಎರಡನೆಯವರು ಸರಿ ಸಾಬೀತಾಗುವವರೆಗೆ ತಡೆದುಕೋ ಎನ್ನುತ್ತಾರೆ. ಎರಡರಲ್ಲಿ ಒಂದು ಎಲ್ಲ ಕಡೆಗೂ ಸಲ್ಲಬೇಕು ಎಂದು ಎರಡೂ ಪಕ್ಷದವರು ಬಹುಮಟ್ಟಿಗೆ ಹಟ ಹಿಡಿದರು. ಗ್ಯಾಸ್ ಫರ್ನೇಸ್ ಕಟ್ಟಿದವರು ಆ ಹಟ ಹಿಡಿಯಲಿಲ್ಲ. ಒಂದೇ ಯಂತ್ರದಲ್ಲಿ ಎರಡು ಮತಗಳಿಗೂ ಜಾಗ ಕೊಟ್ಟರು. ಯಾವುದಕ್ಕೆ ಯಾವ ಜಾಗ ಎಂದು ತೀರ್ಮಾನಿಸುವಾಗ ಅವರು ಕೇಳಿಕೊಂಡದ್ದು ಒಂದೇ ಪ್ರಶ್ನೆ: ಇಲ್ಲಿ ತಪ್ಪಾದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆಯೇ?

ಥರ್ಮೋಸ್ಟಾಟ್ ಮೀಮಾಂಸಕ. ಅದರ ಕೆಲಸ ಬಹಳ ಸರಳ. ಫರ್ನೇಸ್‌ನೊಳಗಿನ ಟ್ರಾನ್ಸ್‌ಫಾರ್ಮರ್ ಮನೆಯ 120 ವೋಲ್ಟ್ ವಿದ್ಯುತ್ತನ್ನು 24 ವೋಲ್ಟಿಗೆ ಇಳಿಸುತ್ತದೆ. ಆ 24 ವೋಲ್ಟ್ ‘ಆರ್’ ಎಂಬ ಗುರುತಿನ ತಂತಿಯಲ್ಲಿ ಗೋಡೆಯವರೆಗೆ ಬಂದು ಕಾದಿರುತ್ತದೆ. ಕೋಣೆ ತಣ್ಣಗಾದರೆ ಥರ್ಮೋಸ್ಟಾಟ್ ಅದನ್ನು ‘ಡಬ್ಲ್ಯು’ ತಂತಿಗೆ ಕೂಡಿಸುತ್ತದೆ, ಬೆಚ್ಚಗಾದರೆ ಬಿಡಿಸುತ್ತದೆ. ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೇಷ್ಟರಾಗಿದ್ದ ವಾರನ್ ಜಾನ್ಸನ್ 1883ರಲ್ಲಿ ಇಂಥದೊಂದು ವಿದ್ಯುತ್ ಸಾಧನಕ್ಕೆ ಪೇಟೆಂಟ್ ಪಡೆದಾಗ ಅದು ತಾನಾಗಿ ಏನನ್ನೂ ಹೊತ್ತಿಸುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ ಒಲೆ ನೋಡಿಕೊಳ್ಳುವವನಿಗೆ ಗಂಟೆ ಬಾರಿಸಿ ಕೋಣೆಯ ಸುದ್ದಿ ಮುಟ್ಟಿಸುತ್ತಿತ್ತು, ಅಷ್ಟೆ. ಇವತ್ತಿಗೂ ಅದರ ಸ್ವಭಾವ ಬದಲಾಗಿಲ್ಲ. ತನಗೆ ಚಳಿ ಅನ್ನಿಸಿದರೆ ಚಳಿ ಎನ್ನುತ್ತದೆ, ಇನ್ನೊಬ್ಬರನ್ನು ಕೇಳುವುದಿಲ್ಲ. ಹಾಗೆ ಬಿಡುವುದರಲ್ಲಿ ಅಪಾಯವೂ ಇಲ್ಲ. ಅದು ಎರಡು ಡಿಗ್ರಿ ತಪ್ಪು ಹೇಳಿದರೆ ಮಲಗಿದವರು ಕಂಬಳಿ ಎಳೆದುಕೊಳ್ಳುತ್ತಾರೆ, ಇಲ್ಲವೇ ಒದೆಯುತ್ತಾರೆ, ಬೆಳಿಗ್ಗೆ ಎದ್ದು ಸರಿಮಾಡುತ್ತಾರೆ. ಕುಮಾರಿಲ ಹೇಳಿದ ಬಾಧಕ ಜ್ಞಾನ, ಅಂದರೆ ಮೊದಲಿನದನ್ನು ಅಲ್ಲಗಳೆಯುವ ಅರಿವು, ಇಲ್ಲಿ ತಪ್ಪದೆ, ಸಕಾಲಕ್ಕೆ, ಚರ್ಮದ ಮೇಲೆಯೇ ಬರುತ್ತದೆ. ತಪ್ಪು ತಾನೇ ಬಂದು ಬಾಗಿಲು ತಟ್ಟುವ ಕಡೆ ಮೊದಲು ನಂಬಿ ಆಮೇಲೆ ತಿದ್ದಿಕೊಳ್ಳುವುದೇ ಬದುಕುವ ರೀತಿ.

ಥರ್ಮೋಸ್ಟಾಟನ್ನು ಎಲ್ಲಿ ಕೂರಿಸಬೇಕು ಎಂಬುದಕ್ಕೆ ಕೆಲಸ ಬಲ್ಲವರು ಕೊಡುವ ಸೂಚನೆಗಳು ಇನ್ನೊಬ್ಬ ಮೀಮಾಂಸಕ ಪ್ರಭಾಕರನನ್ನು ನೆನಪಿಗೆ ತರುತ್ತವೆ. ಮನೆಯ ಒಳಗೋಡೆಯ ಮೇಲೆ, ನೆಲದಿಂದ ಸುಮಾರು 5 ಅಡಿ ಎತ್ತರದಲ್ಲಿ, ಜನ ಹೆಚ್ಚು ಹೊತ್ತು ಇರುವ ಕಡೆ ಇರಲಿ. ಬಿಸಿಲು ಬೀಳುವ ಕಿಟಕಿಯ ಎದುರು, ಬಿಸಿಗಾಳಿ ಬರುವ ಡಕ್ಟಿನ ಬಾಯಿಯ ಹತ್ತಿರ, ಹೊರಬಾಗಿಲ ಪಕ್ಕ, ಅಡುಗೆಮನೆಯಲ್ಲಿ, ದೀಪದ ಮಗ್ಗುಲಲ್ಲಿ, ಬಾಗಿಲು ತೆರೆದಾಗ ಅದರ ಹಿಂದೆ ಮರೆಯಾಗುವ ಮೂಲೆಯಲ್ಲಿ ಬೇಡ. ಇನ್ನೂ ಒಂದು ಸೂಕ್ಷ್ಮವಿದೆ. ತಂತಿ ಗೋಡೆಯಿಂದ ಹೊರಬರುವ ಚಿಕ್ಕ ತೂತನ್ನು ಮೆತ್ತಿ ಮುಚ್ಚಬೇಕು. ಇಲ್ಲದಿದ್ದರೆ ಗೋಡೆಯ ಪೊಳ್ಳಿನಲ್ಲಿ ಸುಳಿಯುವ ತಣ್ಣನೆಯ ಗಾಳಿ ಅದರ ಬೆನ್ನಿಗೇ ಬೀಸಿ, ಕೋಣೆ ಬೆಚ್ಚಗಿದ್ದರೂ ಚಳಿ ಎನ್ನಿಸುತ್ತದೆ. ಈ ಎಲ್ಲ ಸಂದರ್ಭಗಳಲ್ಲಿ ಥರ್ಮೋಸ್ಟಾಟ್ ಸುಳ್ಳು ಹೇಳುತ್ತಿದೆಯೇ? ಇಲ್ಲ. ಬಿಸಿಲಿನಲ್ಲಿರುವ ಅದು ‘ಇಲ್ಲಿ ಬೆಚ್ಚಗಿದೆ’ ಎನ್ನುವುದು ಅಪ್ಪಟ ನಿಜ. ಆ ‘ಇಲ್ಲಿ’ಯನ್ನು ‘ಇಡೀ ಮನೆ’ ಎಂದು ಓದಿಕೊಂಡದ್ದು ನಮ್ಮ ತಪ್ಪು. ಪ್ರಭಾಕರನ ಅಖ್ಯಾತಿವಾದ ಹೇಳುವುದು ಇದನ್ನೇ. ಕಪ್ಪೆಚಿಪ್ಪನ್ನು ಬೆಳ್ಳಿ ಎಂದುಕೊಂಡವನಲ್ಲಿ ಸುಳ್ಳು ಜ್ಞಾನವೊಂದು ಹುಟ್ಟಿರುವುದಿಲ್ಲ. ಎದುರಿಗೆ ಹೊಳೆಯುವುದೇನೋ ಇದೆ ಎಂಬ ಅನುಭವ, ಬೆಳ್ಳಿಯ ನೆನಪು, ಎರಡೂ ಅವುಗಳ ಪಾಡಿಗೆ ಸರಿ. ಎರಡರ ನಡುವಿನ ಅಂತರ ಗಮನಕ್ಕೆ ಬಾರದಿರುವುದೇ ಭ್ರಮೆ. ಭ್ರಮೆಯ ಎಲ್ಲ ಬಗೆಗಳಿಗೂ ಈ ವಿವರಣೆ ಸಾಲದಿರಬಹುದು. ಆದರೆ ಸಾಕ್ಷಿ ಪ್ರಾಮಾಣಿಕನಾಗಿದ್ದೂ ಅವನು ನಿಂತ ಜಾಗ ನಮ್ಮನ್ನು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಗೋಡೆಯ ಈ ತೂತಿಗಿಂತ ಚೆನ್ನಾದ ದೃಷ್ಟಾಂತ ಸಿಗುವುದು ಕಷ್ಟ.

ಆದರೆ ಥರ್ಮೋಸ್ಟಾಟಿಗೆ ಗ್ಯಾಸ್ ತೆರೆಯುವ ಅಧಿಕಾರವಿಲ್ಲ. ಅದು ಕೋರಿಕೆ ಸಲ್ಲಿಸಬಹುದು, ಅಷ್ಟೆ. ಆ ಕೋರಿಕೆ ಹಲವು ಪರೀಕ್ಷಕರನ್ನು ದಾಟಿ ಹೋಗಬೇಕು, ಅವರೆಲ್ಲ ನೈಯಾಯಿಕರು. ಹೊಗೆನಳಿಗೆಯಲ್ಲಿ ಗಾಳಿ ಹೊರಕ್ಕೆ ಎಳೆಯುತ್ತಿದೆಯೇ ಎಂದು ನೋಡುವ ಪ್ರೆಷರ್ ಸ್ವಿಚ್, ಬಿಸಿ ಮಿತಿಮೀರಿತೇ ಎಂದು ನೋಡುವ ಲಿಮಿಟ್ ಸ್ವಿಚ್, ಜ್ವಾಲೆ ಬರ್ನರಿನಿಂದ ಹೊರಗೆ ಚಾಚಿತೇ ಎಂದು ನೋಡುವ ರೋಲ್‌ಔಟ್ ಸ್ವಿಚ್. ದೊಡ್ಡ ಕಟ್ಟಡಗಳಲ್ಲಿ ಡಕ್ಟಿನ ನಡುವೆಯೇ ಕೂರಿಸುವ ಡಕ್ಟ್ ಫರ್ನೇಸ್‌ಗೆ ತನ್ನದೇ ಬ್ಲೋವರ್ ಇರುವುದಿಲ್ಲ, ಬೇರೆಡೆಯ ಫ್ಯಾನಿನ ಗಾಳಿಯನ್ನೇ ಅದು ನೆಚ್ಚಿರುತ್ತದೆ. ಆದ್ದರಿಂದ ಗಾಳಿ ನಿಜವಾಗಿ ಬರುತ್ತಿದೆ ಎಂದು ಸಾಬೀತಾದ ಮೇಲಷ್ಟೇ ಬೆಂಕಿ ಹೊತ್ತುವಂತೆ ವೈರಿಂಗ್ ಮಾಡಬೇಕು. ಇಂಥ ಸ್ವಿಚ್ಚುಗಳು ಸರಪಳಿಯ ಕೊಂಡಿಗಳ ಹಾಗೆ ಸಾಲಾಗಿ ಕೂಡಿರುತ್ತವೆ. ಒಂದು ಕೊಂಡಿ ಬಿಟ್ಟರೂ, ಇಲಿ ಒಂದು ತಂತಿ ಕಡಿದರೂ, ಗ್ಯಾಸ್ ನಿಲ್ಲುತ್ತದೆ. ಬರಿಯ ‘ಅಪಾಯ ಕಾಣುತ್ತಿಲ್ಲ’ ಎಂಬುದು ಇಲ್ಲಿ ಸಾಲದು, ‘ಎಲ್ಲ ಸರಿಯಿದೆ’ ಎಂಬ ಮಾತು ಪ್ರತಿ ಕೊಂಡಿಯಿಂದಲೂ ಬರುತ್ತಲೇ ಇರಬೇಕು. ಮೌನವನ್ನು ಯಾರೂ ಸಮ್ಮತಿ ಎಂದು ಲೆಕ್ಕ ಹಾಕುವುದಿಲ್ಲ.

ಈ ಪರೀಕ್ಷಕರನ್ನು ಪರೀಕ್ಷಿಸುವ ರೀತಿ ಇನ್ನೂ ಸೊಗಸು. ಪ್ರೆಷರ್ ಸ್ವಿಚ್ ‘ಗಾಳಿ ಎಳೆಯುತ್ತಿದೆ’ ಎಂದರೆ ಯಂತ್ರ ತಕ್ಷಣ ಒಪ್ಪುವುದಿಲ್ಲ. ಗಾಳಿ ಎಳೆಯುವ ಫ್ಯಾನ್ ಸುತ್ತುವ ಮೊದಲೇ ಅದನ್ನು ಒಮ್ಮೆ ನೋಡಿಕೊಳ್ಳುತ್ತದೆ. ಆಗಲೂ ಸ್ವಿಚ್ ‘ಎಳೆಯುತ್ತಿದೆ’ ಎಂದರೆ ಅದು ಅಂಟಿಕೊಂಡಿದೆ, ಏನು ಕೇಳಿದರೂ ಹೌದು ಎನ್ನುವ ಸಾಕ್ಷಿ ಎಂದರ್ಥ. ಯಂತ್ರ ಹೊತ್ತಿಸಲು ಒಪ್ಪುವುದಿಲ್ಲ. ಇಲ್ಲ ಎನ್ನಬೇಕಾದಾಗ ಇಲ್ಲ ಎಂದವನ ಹೌದಿಗೆ ಮಾತ್ರ ಬೆಲೆ. ನೈಯಾಯಿಕರು ಇದನ್ನು ಅನ್ವಯ ಮತ್ತು ವ್ಯತಿರೇಕ ಎಂದರು: ಬೆಂಕಿಯಿರುವ ಅಡುಗೆಮನೆಯಲ್ಲಿ ಹೊಗೆ ಕಂಡರೆ ಸಾಲದು, ಬೆಂಕಿಯಿಲ್ಲದ ಮಡುವಿನಲ್ಲಿ ಹೊಗೆ ಇಲ್ಲ ಎಂಬುದನ್ನೂ ನೋಡಬೇಕು. ವೈರಿಂಗ್ ಮಾಡುವ ಬಲ್ಲವರ ಕೈಯಲ್ಲಿಯೂ ಇದೇ ತರ್ಕ ಕೂತಿದೆ. ಬ್ರೇಕರ್ ಆಫ್ ಮಾಡಿ, ಗ್ಯಾಸಿನ ಕೈವಾಲ್ವ್ ತಿರುಗಿಸಿ, ತಂತಿಗೆ ಟೆಸ್ಟರ್ ಇಟ್ಟಾಗ ದೀಪ ಹತ್ತಲಿಲ್ಲ ಎಂದಿಟ್ಟುಕೊಳ್ಳಿ. ತಂತಿಯಲ್ಲಿ ಕರೆಂಟ್ ಇಲ್ಲವೋ, ಟೆಸ್ಟರೇ ಕೆಟ್ಟಿದೆಯೋ? ಆದ್ದರಿಂದ ಮೊದಲು ಕರೆಂಟ್ ಇದೆಯೆಂದು ಗೊತ್ತಿರುವ ಕಡೆ ಟೆಸ್ಟರ್ ಇಟ್ಟು ದೀಪ ಹತ್ತುವುದನ್ನು ನೋಡುತ್ತಾರೆ, ಆಮೇಲೆ ಈ ತಂತಿಗೆ ಇಡುತ್ತಾರೆ, ಮತ್ತೆ ಮೊದಲಿನ ಕಡೆಗೇ ಹೋಗಿ ದೀಪ ಇನ್ನೂ ಹತ್ತುತ್ತದೆ ಎಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಆ ಮೂರು ಮುಟ್ಟುವಿಕೆಗಳಲ್ಲಿದೆ.

ಈ ನ್ಯಾಯದ ತುದಿ ಇರುವುದು ಜ್ವಾಲೆಯನ್ನು ಅರಿಯುವ ಸಣ್ಣ ಕಡ್ಡಿಯಲ್ಲಿ. ಬೆಂಕಿಯಲ್ಲಿ ವಿದ್ಯುದಂಶವುಳ್ಳ ಕಣಗಳಿರುವುದರಿಂದ ಅದರ ಮೂಲಕ ಅತಿ ಸಣ್ಣ ಕರೆಂಟ್, ಕೆಲವೇ ಮೈಕ್ರೋ ಆಂಪಿಯರ್, ಹರಿಯಬಲ್ಲದು. ಬರ್ನರಿನ ಜ್ವಾಲೆಯಲ್ಲಿ ಒಂದು ಲೋಹದ ಕಡ್ಡಿ ಮುಳುಗಿರುತ್ತದೆ. ಅದಕ್ಕೆ ದಿಕ್ಕು ಬದಲಿಸುತ್ತಲೇ ಇರುವ ಎ.ಸಿ. ವಿದ್ಯುತ್ ಕೊಡುತ್ತಾರೆ. ಕರೆಂಟ್ ಹರಿದರೆ ಬೆಂಕಿ ಇದೆ ಎಂದು ತೀರ್ಮಾನಿಸಿದರೆ ಆಯಿತಲ್ಲ ಎನ್ನಬಹುದು. ಆಗುವುದಿಲ್ಲ, ಏಕೆಂದರೆ ತಂತಿಯ ಹೊದಿಕೆ ಸುಲಿದು ತಗಡಿಗೆ ತಾಗಿದರೂ ಕರೆಂಟ್ ಹರಿಯುತ್ತದೆ. ತರ್ಕದ ಭಾಷೆಯಲ್ಲಿ ಈ ಹೇತು, ಅಂದರೆ ಗುರುತು, ನೆಚ್ಚುವಂಥದಲ್ಲ. ಆದರೆ ಕಡ್ಡಿ ಚಿಕ್ಕದು, ಅರ್ಥ್ ಆಗಿರುವ ಬರ್ನರ್ ದೊಡ್ಡದು. ಈ ಅಸಮತೆಯಿಂದಾಗಿ ಜ್ವಾಲೆ ಕರೆಂಟನ್ನು ಒಂದು ದಿಕ್ಕಿಗೆ ಹೆಚ್ಚಾಗಿ ಬಿಡುತ್ತದೆ. ತಗಡಿಗೆ ತಾಗಿದ ತಂತಿ ಎರಡೂ ದಿಕ್ಕಿಗೆ ಸಮನಾಗಿ ಬಿಡುತ್ತದೆ. ಆದ್ದರಿಂದ ಯಂತ್ರ ಹುಡುಕುವುದು ಬರಿಯ ಕರೆಂಟನ್ನಲ್ಲ, ಒಮ್ಮುಖವಾಗಿ ವಾಲಿದ ಕರೆಂಟನ್ನು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನಲಾಗದು, ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲ, ಹೊಗೆಗೆ ಹಸಿ ಸೌದೆಯ ಜೊತೆ ಬೇಕು ಎಂದು ಉಪಾಧಿಯನ್ನು, ಅಂದರೆ ಅಡಗಿದ ಷರತ್ತನ್ನು, ಬಿಡಿಸಿ ತೋರಿಸಿದ ನೈಯಾಯಿಕರಿಗೆ ಈ ಸೂಕ್ಷ್ಮ ತುಂಬ ಹಿಡಿಸುತ್ತಿತ್ತು. ಅರ್ಥಿಂಗ್ ಸಡಿಲವಾದರೆ ಈ ಪುರಾವೆ ಕೈಕೊಡುತ್ತದೆ, ಎದುರಿಗೇ ಬೆಂಕಿ ಉರಿಯುತ್ತಿದ್ದರೂ ಯಂತ್ರ ಇಲ್ಲ ಎಂದು ಗ್ಯಾಸ್ ನಿಲ್ಲಿಸುತ್ತದೆ. ಇರುವ ಬೆಂಕಿಯನ್ನು ಇಲ್ಲವೆನ್ನುವ ತಪ್ಪಿಗೆ ದಂಡ ಒಂದು ರಾತ್ರಿಯ ಚಳಿ. ಇಲ್ಲದ ಬೆಂಕಿಯನ್ನು ಇದೆಯೆಂದು ನಂಬಿ ಗ್ಯಾಸ್ ಸುರಿಯುವ ತಪ್ಪಿಗೆ ದಂಡ ಮನೆಯೇ. ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಈ ವೈರಿಂಗಿನ ತಾತ್ಪರ್ಯ.

ಕುಮಾರಿಲನ ಮತ ಇಲ್ಲಿ ಏಕೆ ಸಾಲದು ಎಂಬುದಕ್ಕೆ ಇನ್ನೂ ಕಟುವಾದ ಸಾಕ್ಷ್ಯವಿದೆ. ಗಾಳಿ ಸಾಲದೆ ಅರೆಬರೆ ಉರಿದ ಗ್ಯಾಸಿನಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಮಂಪರು; ಅಪಾಯವನ್ನು ಗುರುತಿಸಬೇಕಾದ ಬುದ್ಧಿಯೇ ಮಂಕಾಗುತ್ತದೆ. ಬೆಂಗಳೂರಿನ ಮುಚ್ಚಿದ ಬಚ್ಚಲುಮನೆಗಳಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿಗಳ ಹಿಂದೆ ಇರುವುದೂ ಇದೇ ಅನಿಲ. ದೋಷ ತಿಳಿಯುವವರೆಗೆ ನಂಬು ಎಂಬ ಮಾತು, ದೋಷ ತಿಳಿಯುವ ಶಕ್ತಿ ಉಳಿದಿರುತ್ತದೆ ಎಂದು ಎಣಿಸಿಕೊಂಡಿದೆ. ಆ ಶಕ್ತಿಯನ್ನೇ ಕಸಿದುಕೊಳ್ಳುವ ದೋಷದ ಮುಂದೆ ‘ನನಗೇನೂ ತೊಂದರೆ ಕಾಣುತ್ತಿಲ್ಲ’ ಎಂಬುದು ತೊಂದರೆಯ ಲಕ್ಷಣವೂ ಆಗಬಹುದು. ಇಂಥಲ್ಲಿ ಹೊರಗಿನ ಸಾಕ್ಷಿಯನ್ನು ತಂದು ನಿಲ್ಲಿಸಲೇಬೇಕು. ಉರಿಯದೆ ಸೋರಿದ ಗ್ಯಾಸಿನ ವಿಷಯವೂ ಹೀಗೆಯೇ. 1937ರ ಮಾರ್ಚ್ 18ರಂದು ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಕೆಳಗೆ ಸೋರಿ ತುಂಬಿಕೊಂಡಿದ್ದ ಗ್ಯಾಸ್ ಸಿಡಿದು ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಆ ಗ್ಯಾಸಿಗೆ ವಾಸನೆ ಇರಲಿಲ್ಲ. ಅದಾದ ಮೇಲೆ ಅಲ್ಲಿ ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸುವುದನ್ನು ಕಾನೂನು ಮಾಡಿದರು. ನಮ್ಮ ಅಡುಗೆಮನೆಯ ಸಿಲಿಂಡರಿನ ಕಟುವಾಸನೆಯೂ ಬೆರೆಸಿದ್ದೇ. ಪ್ರಕೃತಿ ಕೊಡದ ಹೊಗೆಯನ್ನು ಮನುಷ್ಯ ತಾನೇ ಮಾಡಿ ಸೇರಿಸಿದ. ಹೊಗೆಗೂ ಬೆಂಕಿಗೂ ಇರುವಂಥ ತಪ್ಪದ ನಂಟನ್ನು ನೈಯಾಯಿಕರು ವ್ಯಾಪ್ತಿ ಎನ್ನುತ್ತಾರೆ. ಇದು ಕಂಡುಕೊಂಡ ವ್ಯಾಪ್ತಿಯಲ್ಲ, ಸತ್ತ ಮಕ್ಕಳ ನೆನಪಿನಲ್ಲಿ ಕಟ್ಟಿಕೊಂಡ ವ್ಯಾಪ್ತಿ.

ಇಷ್ಟಕ್ಕೆ ಮೂರು ಆಕ್ಷೇಪಗಳು ಏಳುತ್ತವೆ. ಯಂತ್ರಕ್ಕೆ ಅರಿವೆಲ್ಲಿದೆ ಎಂಬುದು ಮೊದಲನೆಯದು. ಕಂಪ್ಯೂಟರ್ ವಿಜ್ಞಾನಿ ಜಾನ್ ಮೆಕಾರ್ತಿ 1979ರಲ್ಲಿ ಥರ್ಮೋಸ್ಟಾಟಿಗೂ ನಂಬಿಕೆಗಳಿವೆ ಎನ್ನಬಹುದು ಎಂದು ವಾದಿಸಿದಾಗ, ಮರುವರ್ಷವೇ ತತ್ತ್ವಶಾಸ್ತ್ರಜ್ಞ ಜಾನ್ ಸರ್ಲ್ ಅದನ್ನು ತಳ್ಳಿಹಾಕಿದರು. ನಾನು ಸರ್ಲ್ ಅವರ ಕಡೆಗೇ ನಿಲ್ಲುತ್ತೇನೆ; ನನ್ನ ವಾದಕ್ಕೆ ಯಂತ್ರದ ಅರಿವು ಬೇಕಿಲ್ಲ. ತಂತಿಗಳನ್ನು ಹೀಗೆ ಜೋಡಿಸಿದ ಮನುಷ್ಯರ ವಿವೇಕ ತಾಮ್ರದಲ್ಲಿ ಹೆಪ್ಪುಗಟ್ಟಿದೆ, ನಾನು ಓದುತ್ತಿರುವುದು ಅದನ್ನು. ಎರಡನೆಯದು, ಸ್ವತಃಪ್ರಾಮಾಣ್ಯ ಹುಟ್ಟಿದ್ದು ವೇದದ ಪ್ರಾಮಾಣ್ಯ ಉಳಿಸಲು, ಗ್ಯಾಸ್ ಒಲೆಗೆ ಅದನ್ನು ಎಳೆದು ತರುವುದು ಅನ್ಯಾಯ ಎಂಬುದು. ಆದರೆ ಮೀಮಾಂಸಕರೇ ಅದನ್ನು ಎಲ್ಲ ಅರಿವಿಗೂ ಅನ್ವಯಿಸಿದರು. ಅಷ್ಟೇ ಅಲ್ಲ, ನ್ಯಾಯಸೂತ್ರ ವೇದವನ್ನು ಒಪ್ಪುವುದಕ್ಕೆ ಆಯುರ್ವೇದವನ್ನು ದೃಷ್ಟಾಂತವಾಗಿ ಕೊಡುತ್ತದೆ. ಕಾಣದ ಸ್ವರ್ಗದ ಮಾತನ್ನು ನಂಬಲು ಕಾಣುವ ಮದ್ದಿನ ಫಲವನ್ನು ಸಾಕ್ಷಿಗೆ ಕರೆದವರು, ನೆಲಮಾಳಿಗೆಯನ್ನು ಸಾಕ್ಷಿಗೆ ಕರೆದರೆ ಬೇಸರಿಸಲಾರರು.

ಮೂರನೆಯದೇ ಗಟ್ಟಿಯಾದದ್ದು. ಪರೀಕ್ಷಕನನ್ನು ಪರೀಕ್ಷಿಸುವವನು ಯಾರು, ಅವನನ್ನು ಯಾರು? ಹೊರಗಿನ ಖಾತ್ರಿ ಕೇಳುತ್ತ ಹೋದರೆ ಕೊನೆಯೇ ಇಲ್ಲ, ಅದು ಅನವಸ್ಥೆ ಎಂದು ಮೀಮಾಂಸಕರು ಹೇಳಿದ್ದು ಸರಿಯಾಗಿಯೇ ಇದೆ. ಮೂರು ನಾಲ್ಕು ಅರಿವುಗಳಾಚೆ ಹೋಗಬೇಕಾಗಿಲ್ಲ ಎಂದ ಕುಮಾರಿಲ. ಹೊತ್ತಿಸಲು ಮೂರು ಸಲ ನೋಡಿ ಆಗದಿದ್ದರೆ ಬೀಗ ಹಾಕಿಕೊಂಡು ಕೂರುವ ಫರ್ನೇಸುಗಳು ಎಷ್ಟೋ ಇವೆ. ಸಂಶಯ ನಮ್ಮ ನಡವಳಿಕೆಗೇ ವಿರುದ್ಧವಾಗುವ ಕಡೆ ನಿಲ್ಲಬೇಕು ಎಂದ ನೈಯಾಯಿಕ ಉದಯನ. 13ನೇ ಶತಮಾನದ ಉಡುಪಿಯಲ್ಲಿ ಮಧ್ವಾಚಾರ್ಯರು ಕೊಟ್ಟ ಉತ್ತರ ಬೇರೆ: ಕಣ್ಣು, ಮನಸ್ಸು ತಪ್ಪಬಹುದು, ಸಂಶಯ ಬಂದಲ್ಲಿ ಪರೀಕ್ಷೆಯೂ ಬೇಕು, ಆದರೆ ಪರೀಕ್ಷೆಗಳೆಲ್ಲ ಬಂದು ನಿಲ್ಲುವುದು ಒಳಗಿನ ಸಾಕ್ಷಿಯಲ್ಲಿ, ಅದು ತಪ್ಪುವುದಿಲ್ಲ. ಮೂವರೂ ಅನವಸ್ಥೆಯನ್ನು ಅರಿಯುವವನಲ್ಲಿಯೇ ನಿಲ್ಲಿಸಲು ನೋಡಿದರು. ಫರ್ನೇಸ್ ನಿಲ್ಲಿಸುವುದು ಬೇರೆ ಕಡೆ. ಗ್ಯಾಸ್ ವಾಲ್ವಿನೊಳಗೆ ಒಂದು ಸ್ಪ್ರಿಂಗ್ ಇದೆ. ಕರೆಂಟ್ ಬಂದಾಗ ವಾಲ್ವ್ ಅದರ ಬಲವನ್ನು ಮೀರಿ ತೆರೆಯುತ್ತದೆ; ಕರೆಂಟ್ ಹೋದರೆ, ಯಾಕೆ ಹೋಯಿತೆಂದು ಯಾರಿಗೂ ತಿಳಿಯದಿದ್ದರೂ, ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಕೊನೆಯಲ್ಲಿ ಕೂತಿರುವುದು ಇನ್ನೊಬ್ಬ ತೀರ್ಪುಗಾರನಲ್ಲ, ಏನೂ ತಿಳಿಯದಾಗ ಹಾನಿಯಿಲ್ಲದ ಕಡೆಗೆ ವಾಲುವ ಒಂದು ಸ್ವಭಾವ. ಅರಿವಿನ ಸರಪಳಿಗೆ ಅರಿವೇ ಕೊನೆಯಾಗಬೇಕಿಲ್ಲ. ಸ್ಪ್ರಿಂಗೂ ತುಕ್ಕು ಹಿಡಿಯಬಹುದಲ್ಲ ಎಂದರೆ, ಹೌದು, ಹಿಡಿಯಬಹುದು; ಆ ಕಾರಣಕ್ಕೇ ಒಂದೇ ವಾಲ್ವನ್ನು ನೆಚ್ಚದೆ ಒಂದರ ಹಿಂದೆ ಇನ್ನೊಂದು ಇಡುವುದುಂಟು. ಅಪಾಯ ಸೊನ್ನೆ ಎಂದು ಯಾರೂ ಮಾತು ಕೊಟ್ಟಿಲ್ಲ, ತಪ್ಪು ಯಾವ ಕಡೆಗೆ ವಾಲಬೇಕು ಎಂಬುದನ್ನಷ್ಟೇ ತೀರ್ಮಾನಿಸಿದ್ದಾರೆ.

ಈ ವ್ಯವಸ್ಥೆಯನ್ನೆಲ್ಲ ಹಾಳುಮಾಡಲು ಗೇಣುದ್ದದ ತಂತಿ ಸಾಕು. ಎರಡು ತುದಿಗೂ ಕ್ಲಿಪ್ ಇರುವ ಜಂಪರ್ ತಂತಿಯನ್ನು ಲಿಮಿಟ್ ಸ್ವಿಚ್ಚಿನ ಎರಡು ಕಾಲಿಗೆ ಕಚ್ಚಿಸಿದರೆ, ಸ್ವಿಚ್ ಏನೇ ಹೇಳಲಿ, ಯಂತ್ರಕ್ಕೆ ‘ಎಲ್ಲ ಸರಿಯಿದೆ’ ಎಂದೇ ಕೇಳಿಸುತ್ತದೆ. ದೋಷ ಹುಡುಕುವಾಗ ಅರೆಗಳಿಗೆ ಹೀಗೆ ಮಾಡಿ ನೋಡುವವರಿದ್ದಾರೆ. ತೆಗೆಯದೆ ಬಿಟ್ಟುಹೋದರೆ ಮನೆಗೆ ಸುಳ್ಳುಸಾಕ್ಷಿ ನೇಮಿಸಿದಂತೆ. ಮನೆ ಬೆಚ್ಚಗಾಗುತ್ತದೆ, ಎಲ್ಲರಿಗೂ ಸಂತೋಷ, ವಾರಗಟ್ಟಲೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಪುರಾವೆ ಅನ್ನಿಸತೊಡಗುತ್ತದೆ. ಧರ್ಮದ ವಿಷಯದಲ್ಲಿಯೂ ಇಂಥ ಜಂಪರುಗಳಿವೆ. ಪ್ರಶ್ನೆ ಕೇಳಬೇಕಾದ ಕಡೆಯಲ್ಲೇ ‘ಶ್ರದ್ಧೆಯಿಡು’ ಎಂಬ ಮಾತನ್ನು ಕಚ್ಚಿಸಿ ಪರೀಕ್ಷಕನ ಬಾಯಿ ಮುಚ್ಚಿಸಿದರೆ, ಅದು ಶ್ರದ್ಧೆಗೆ ಸಲ್ಲಿಸಿದ ಗೌರವವಾಗುವುದಿಲ್ಲ. ಹಬ್ಬದ ದಿನ ಯಾವುದು, ನೈವೇದ್ಯಕ್ಕೆ ಏನು, ಯಾವ ದೇವರಿಗೆ ಯಾವ ಹೂವು ಎಂಬಲ್ಲಿ ಹಿರಿಯರು ಹೇಳಿದ್ದನ್ನು ನಂಬಿ ನಡೆದರೆ ನಷ್ಟವೇನಿಲ್ಲ. ತಪ್ಪಾದರೆ ಮುಂದಿನ ವರ್ಷ ತಿದ್ದಿಕೊಳ್ಳಬಹುದು, ಅಲ್ಲಿ ಕುಮಾರಿಲನೇ ಸರಿ. ಮದ್ದು ಬಿಟ್ಟು ಹರಕೆ ಹೊರು, ಮಗುವನ್ನು ಶಾಲೆ ಬಿಡಿಸು, ಆಚೆ ಕೇರಿಯವರನ್ನು ದೂರವಿಡು ಎಂಬ ಮಾತು ಬಂದಾಗ, ಹೇಳಿದವರು ಎಷ್ಟೇ ಪೂಜ್ಯರಾಗಿರಲಿ, ಖಾತ್ರಿಯಾಗುವವರೆಗೆ ವಾಲ್ವ್ ಮುಚ್ಚಿಯೇ ಇರಬೇಕು. ಆಗ ಮಾಡುವ ಸಂಶಯ ನಾಸ್ತಿಕತನವಲ್ಲ, ನೆಲಮಾಳಿಗೆಯ ಆ ಸ್ಪ್ರಿಂಗ್ ಮಾಡುವ ಕೆಲಸ. ಅದು ಹಿಡಿದು ನಿಂತಿರುವುದರಿಂದಲೇ ಮೇಲಿನವರಿಗೆ ಥರ್ಮೋಸ್ಟಾಟಿನ ಮಾತನ್ನು ಮರುಮಾತಿಲ್ಲದೆ ನಂಬಿ ಮಲಗಲು ಸಾಧ್ಯವಾಗಿದೆ.